ಪಂಕ್ತಿಯಲ್ಲಿ ಇಲ್ಲದವರ ಲೆಕ್ಕ: ನಗರದ ಅನ್ನಸೇವೆಗಳ ಮೌಲ್ಯಮಾಪನ ಮತ್ತು ಹೊಂದಾಣಿಕೆ

ಆದಿಸಭೆಯು ಎದುರಿಸಿದ ಮೊದಲ ಆಡಳಿತಾತ್ಮಕ ಬಿಕ್ಕಟ್ಟು ಊಟದ ಹಂಚಿಕೆಗೆ ಸಂಬಂಧಿಸಿದ್ದು. ಸುನ್ನತಿ, ಧರ್ಮಶಾಸ್ತ್ರ, ಅನ್ಯಜನರ ಸೇರ್ಪಡೆ ಮುಂತಾದ ದೊಡ್ಡ ವಿವಾದಗಳು ತಲೆಯೆತ್ತುವ ಮೊದಲೇ, ಯೆರೂಸಲೇಮಿನ ವಿಧವೆಯರಲ್ಲಿ ಕೆಲವರಿಗೆ ದಿನದ ಆಹಾರ ತಲಪುತ್ತಿಲ್ಲವೆಂಬ ದೂರು ಸಭೆಯೊಳಗೆ ಎದ್ದಿತು. ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯದ ಮೊದಲ ಏಳು ವಚನಗಳನ್ನು ಸಭಾಸೇವಕರನ್ನು ನೇಮಿಸುವ ಆರಾಧನೆಯಲ್ಲಿ ಓದುವುದು ನಮ್ಮಲ್ಲಿ ರೂಢಿ. ಅದನ್ನು ಅನ್ನಸೇವೆಯ ಮೌಲ್ಯಮಾಪನದ ಪಾಠವೆಂದು ಓದುವುದು ಅಪರೂಪ. ನಮ್ಮ ಸಭೆಗಳು ಅನ್ನಸಂತರ್ಪಣೆ, ದಿನಸಿ ಕಿಟ್ ವಿತರಣೆ, ಆಸ್ಪತ್ರೆಯ ಬಳಿ ಗಂಜಿ ಸೇವೆ ಮುಂತಾದ ಕಾರ್ಯಗಳಲ್ಲಿ ಹೆಚ್ಚು ಹೆಚ್ಚಾಗಿ ತೊಡಗುತ್ತಿರುವ ಈ ಹೊತ್ತಿನಲ್ಲಿ ಆ ಓದು ಅವಶ್ಯಕವೆಂದು ತೋರುತ್ತದೆ. ಒಂದು ನಗರದಲ್ಲಿ ಹಲವರು ನಡೆಸುವ ಅನ್ನಸೇವೆಗಳು ಫಲಕಾರಿಯಾಗಿವೆಯೇ ಎಂಬುದನ್ನು ಹೇಗೆ ತಿಳಿಯುವುದು, ಅವುಗಳನ್ನು ಒಂದಕ್ಕೊಂದು ಹೇಗೆ ಹೊಂದಿಸುವುದು ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಮಂಡ್ಯ ನಗರವನ್ನೂ ಅದರ ನೆರೆಯ ಕೆರಗೋಡು ಹೋಬಳಿಯನ್ನೂ ಮುಂದಿಟ್ಟುಕೊಂಡು ವಿವರಿಸಲಾಗಿದೆ.

ಮಂಡ್ಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕನ್ನಂಬಾಡಿಯ ಅಣೆಕಟ್ಟು 1932ರಲ್ಲಿ ಪೂರ್ಣಗೊಂಡು, ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ, 1939ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಈ ಸೀಮೆ ಭತ್ತ, ಕಬ್ಬು, ರಾಗಿಗಳ ನಾಡು. ಇಲ್ಲಿ ಹಸಿವು ಇದೆಯೆಂದರೆ ಅದಕ್ಕೆ ಬೆಳೆಯ ಕೊರತೆ ಕಾರಣವಲ್ಲ. ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ಕ್ಷಾಮಗಳ ಅಧ್ಯಯನದಲ್ಲಿ ವಾದಿಸಿದ್ದೂ ಇದನ್ನೇ: ಊರಿನಲ್ಲಿ ಧಾನ್ಯವಿರುವುದು ಒಂದು ಸಂಗತಿ, ಅದನ್ನು ಪಡೆಯುವ ಹಕ್ಕು ಅಥವಾ ಶಕ್ತಿ ಒಬ್ಬನಿಗಿರುವುದು ಮತ್ತೊಂದು ಸಂಗತಿ. ಧಾನ್ಯ ಸಮೃದ್ಧವಾಗಿರುವ ಕಡೆ ಈ ಎರಡನೆಯ ಸಂಗತಿ ಸ್ಪಷ್ಟವಾಗಿ ಕಾಣುತ್ತದೆ.

ಯೆರೂಸಲೇಮಿನ ದೂರು

ವೇದಭಾಗದ ಮೂರು ಪದಗಳನ್ನು ಗಮನಿಸೋಣ. ಮೊದಲನೆಯದು ಗುಣುಗುಟ್ಟುವಿಕೆ. ಲೂಕನು ಬಳಸುವ 'ಗೊಂಗುಸ್ಮೋಸ್' ಎಂಬ ಗ್ರೀಕ್ ಪದವೇ ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರದಲ್ಲಿ, ವಿಮೋಚನಕಾಂಡ 16ರಲ್ಲಿ, ಅರಣ್ಯದಲ್ಲಿ ಹಸಿದ ಇಸ್ರಾಯೇಲ್ಯರ ದೂರಿಗೆ ಬಳಕೆಯಾಗಿದೆ. ಅಲ್ಲಿ ದೂರಿಗೆ ದೇವರು ಕೊಟ್ಟ ಉತ್ತರ ಮನ್ನ. ಹಾಗಾಗಿ ಊಟದ ವಿಷಯದಲ್ಲಿ ಗುಣುಗುಟ್ಟುವವರನ್ನು ಅವಿಶ್ವಾಸಿಗಳೆಂದು ಬದಿಗಿಡುವ ಮುನ್ನ ಎರಡು ಸಲ ಯೋಚಿಸಬೇಕು. ಎರಡನೆಯದು 'ಕಡೆಗಣಿಸಲ್ಪಡುತ್ತಿದ್ದರು' ಎಂಬರ್ಥದ ಕ್ರಿಯಾಪದ. ಹೊಸ ಒಡಂಬಡಿಕೆಯಲ್ಲಿ ಈ ಒಂದು ಕಡೆ ಮಾತ್ರ ಬರುವ ಈ ಪದದ ಮೂಲಾರ್ಥ, ಎದುರಿಗಿದ್ದುದನ್ನು ಬಿಟ್ಟು ಅದರ ಪಕ್ಕಕ್ಕೆ ಕಣ್ಣು ಹಾಯಿಸುವುದು. ಯಾರೂ ಆ ವಿಧವೆಯರಿಗೆ ಬೇಕೆಂದೇ ಅನ್ನ ನಿರಾಕರಿಸಿದರೆಂದು ಲೂಕನು ಹೇಳುವುದಿಲ್ಲ. ಹಂಚುವವರ ಕಣ್ಣು ಅವರನ್ನು ದಾಟಿ ಹೋಗುತ್ತಿತ್ತು. ಕ್ರಿಯಾಪದದ ಕಾಲವೂ ಇದು ಒಂದು ದಿನದ ಅಚಾತುರ್ಯವಲ್ಲ, ದಿನದಿನವೂ ನಡೆಯುತ್ತಿದ್ದುದೆಂದು ಸೂಚಿಸುತ್ತದೆ. ಮೂರನೆಯದು 'ದಿಯಾಕೋನಿಯಾ'. ದಿನದ ಹಂಚಿಕೆಗೂ ವಾಕ್ಯಸೇವೆಗೂ ಲೂಕನು ಇದೇ ಪದವನ್ನು ಬಳಸುತ್ತಾನೆ. ಒಂದು ಮೇಲು, ಒಂದು ಕೀಳು ಎಂಬ ನಮ್ಮ ವಿಂಗಡಣೆಗೆ ಮೂಲಪಾಠದಲ್ಲಿ ಆಧಾರ ಸಿಕ್ಕುವುದಿಲ್ಲ.

ಅಪೊಸ್ತಲರು ಮಾಡಿದ್ದೇನು? ದೂರನ್ನು ಇಡೀ ಸಭೆಯ ಮುಂದಿಟ್ಟರು. ಏಳು ಮಂದಿಯನ್ನು ಸಭೆಯೇ ಆರಿಸಿತು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ: ಏಳೂ ಗ್ರೀಕ್ ಹೆಸರುಗಳು. ಆ ಕಾಲದ ಪಲೆಸ್ತೀನದಲ್ಲಿ ಗ್ರೀಕ್ ಹೆಸರು ಇಬ್ರಿಯ ಮಾತಾಡುವವರಲ್ಲೂ ಇತ್ತೆಂಬುದು ನಿಜವಾದರೂ, ಏಳಕ್ಕೆ ಏಳೂ ಹಾಗಿರುವುದು ಆಕಸ್ಮಿಕವಲ್ಲವೆಂದು ಬಹುತೇಕ ವ್ಯಾಖ್ಯಾನಕಾರರು ಅಭಿಪ್ರಾಯಪಡುತ್ತಾರೆ. ಬಿಟ್ಟುಹೋದವರ ಕಡೆಯವರ ಕೈಗೇ ಸೌಟು ಮತ್ತು ಲೆಕ್ಕ ಎರಡನ್ನೂ ಕೊಡಲಾಯಿತು. ಎಷ್ಟು ಮಂದಿ ವಿಧವೆಯರು ಊಟ ಮಾಡುತ್ತಿದ್ದರೆಂಬ ಸಂಖ್ಯೆಯನ್ನು ಲೂಕನು ಕೊಡುವುದಿಲ್ಲ. ವಿಶ್ವಾಸಿಗಳ ಸಂಖ್ಯೆಯನ್ನು 3000, 5000 ಎಂದು ಎಣಿಸಿದವನೇ ಇಲ್ಲಿ ಎಣಿಕೆಯನ್ನು ಬಿಟ್ಟು, ಯಾರು ಬಿಟ್ಟುಹೋದರೆಂಬುದನ್ನು ದಾಖಲಿಸಿದ್ದಾನೆ.

ಯೆಹೂದ್ಯ ಸಮಾಜದಲ್ಲಿ ಇಂಥ ಹಂಚಿಕೆಗೆ ನಿಯಮಗಳು ರೂಪುಗೊಂಡವು. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾದ 'ಪೇಯಾ' ಎಂಬ ಭಾಗದಲ್ಲಿ ಎರಡು ವ್ಯವಸ್ಥೆಗಳ ಉಲ್ಲೇಖವಿದೆ: ದಿನದ ಪಾತ್ರೆಯಾದ 'ತಮ್‌ಹುಯಿ', ವಾರದ ನಿಧಿಯಾದ 'ಕುಪ್ಪಾ'. ಎರಡು ಹೊತ್ತಿನ ಊಟವಿದ್ದವನು ಪಾತ್ರೆಯಿಂದ ತೆಗೆದುಕೊಳ್ಳಬಾರದು. ಹದಿನಾಲ್ಕು ಹೊತ್ತಿನ ಊಟವಿದ್ದವನು ನಿಧಿಯಿಂದ ತೆಗೆದುಕೊಳ್ಳಬಾರದು. ನಿಧಿಯನ್ನು ಇಬ್ಬರು ಸಂಗ್ರಹಿಸಬೇಕು, ಮೂವರು ಹಂಚಬೇಕು. ಊರಿಂದೂರಿಗೆ ಹೋಗುವ ಬಡವನಿಗೂ ಕನಿಷ್ಠ ಇಷ್ಟು ರೊಟ್ಟಿಯೆಂದು ಗೊತ್ತುಪಡಿಸಲಾಗಿತ್ತು. ಯೆರೂಸಲೇಮಿನ ಸಭೆಯು ಇದನ್ನೇ ಅನುಸರಿಸಿತೆಂದು ಹೇಳಲಾಗದು. ಮಿಷ್ನಾ ನಂತರದ ಕಾಲದ್ದು. ಆದರೂ ಈ ನಿಯಮಗಳಲ್ಲಿ ಇಂದಿನ ನಗರಕ್ಕೆ ಬೇಕಾದ ಒಂದು ವಿವೇಕವಿದೆ. ಇಂದಿನ ಹಸಿವಿಗೆ ಒಂದು ಬಾಗಿಲು, ನೆಲೆಸಿದ ಬಡತನಕ್ಕೆ ಮತ್ತೊಂದು. ಎರಡರ ನಡುವೆ ಗೊಂದಲವಿಲ್ಲ. ಹಸಿದು ಬಂದವನಿಗೆ ವಿಚಾರಣೆಯಿಲ್ಲದೆ ಅನ್ನ ಕೊಡಬೇಕೇ, ವಿಚಾರಿಸಿ ಕೊಡಬೇಕೇ ಎಂಬ ಚರ್ಚೆ ತಲ್ಮೂದಿನಲ್ಲಿ ನಡೆದಿದ್ದು, ಅನ್ನಕ್ಕೆ ವಿಚಾರಣೆ ಬೇಡವೆಂಬ ಪಕ್ಷವೇ ರೂಢಿಯಾಯಿತು.

ನಮ್ಮ ಊರಿನ ಪಾತ್ರೆಗಳು ಮತ್ತು ನಿಧಿಗಳು

ಕರ್ನಾಟಕದ ಯಾವುದೇ ನಗರದಲ್ಲಿ ಸಭೆಯೊಂದು ಅನ್ನಸೇವೆ ಆರಂಭಿಸುವ ಮುನ್ನ, ಈಗಾಗಲೇ ಏನೇನು ಇದೆಯೆಂದು ತಿಳಿಯಬೇಕು. ಇದು ಸರಳವಾಗಿ ಕಂಡರೂ ಬಹುತೇಕ ಸಭೆಗಳು ಬಿಟ್ಟುಬಿಡುವ ಹೆಜ್ಜೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲಬೇಕು. ಅದೇ ವರ್ಷದ ಜುಲೈಯಲ್ಲಿ ಆರಂಭವಾದ ರಾಜ್ಯದ ಅನ್ನಭಾಗ್ಯ ಯೋಜನೆ ಇದರ ಮೇಲೆ ಕಟ್ಟಿದ್ದು. ದಕ್ಷಿಣದ ಜಿಲ್ಲೆಗಳಲ್ಲಿ ಅಕ್ಕಿಯ ಜೊತೆ ರಾಗಿ, ಉತ್ತರದಲ್ಲಿ ಜೋಳ ಕೊಡುವ ಕ್ರಮ ಬಂದದ್ದು ತಿನ್ನುವವರ ಅಭ್ಯಾಸಕ್ಕೆ ಕಿವಿಗೊಟ್ಟಿದ್ದರಿಂದ. ಶಾಲೆಗಳಲ್ಲಿ 2002-03ರಿಂದ ಅಕ್ಷರ ದಾಸೋಹದ ಬಿಸಿಯೂಟವಿದೆ; ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿದ್ದರ ಹಿನ್ನೆಲೆ ಅದಕ್ಕಿದೆ. ಅಂಗನವಾಡಿಗಳಲ್ಲಿ ಮಕ್ಕಳಿಗೂ, 2017ರ ಅಕ್ಟೋಬರಿನಿಂದ ಮಾತೃಪೂರ್ಣ ಯೋಜನೆಯಡಿ ಗರ್ಭಿಣಿ ಹಾಗೂ ಬಾಣಂತಿಯರಿಗೂ ಊಟವಿದೆ. ಅದೇ ವರ್ಷದ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನು ಬೆಳಗಿನ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿಯಂತೆ ನಡೆದು, ಬಳಿಕ ಮಂಡ್ಯವೂ ಸೇರಿದಂತೆ ಇತರ ನಗರಗಳಿಗೂ ಬಂದಿತು. ಇವೆಲ್ಲ ಸರ್ಕಾರದವು. ಇವುಗಳಲ್ಲದೆ ಮಠಗಳ ದಾಸೋಹಗಳಿವೆ. ಮಂಡ್ಯ ಜಿಲ್ಲೆಯಲ್ಲೇ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ದಾಸೋಹ ಎಲ್ಲರಿಗೂ ಪರಿಚಿತ. ದಾಸೋಹವೆಂದರೆ ತಾನು ದಾಸನೆಂಬ ಭಾವದಿಂದ ಮಾಡುವ ಅರ್ಪಣೆ. ದಿಯಾಕೋನಿಯಾ ಪದಕ್ಕೆ ಕನ್ನಡದಲ್ಲಿ ಇದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ. ಈ ಪದವನ್ನು ಕನ್ನಡಕ್ಕೆ ಕೊಟ್ಟ ಶರಣರಿಗೆ ನಮ್ಮ ದೈವಶಾಸ್ತ್ರವು ಸಲ್ಲಿಸಬೇಕಾದ ಕೃತಜ್ಞತೆಯನ್ನು ಇನ್ನೂ ಪೂರ್ತಿ ಸಲ್ಲಿಸಿಲ್ಲ.

ಇಷ್ಟೆಲ್ಲ ಇರುವಾಗ ಚಿಕ್ಕ ಸಭೆಯೊಂದರ ಸೌಟಿಗೆ ಎಲ್ಲಿ ಕೆಲಸ? ಉತ್ತರವು ಇವುಗಳ ನಡುವಣ ಬಿರುಕುಗಳಲ್ಲಿದೆ. ಆ ಬಿರುಕುಗಳು ಎಣಿಕೆಯ ವಿಧಾನದಿಂದಲೇ ಮರೆಯಾಗಿರುತ್ತವೆ.

ಎಣಿಕೆ ಏನನ್ನು ಮರೆಸುತ್ತದೆ

ಅನ್ನಸೇವೆಯ ವರದಿಗಳಲ್ಲಿ ಮೊದಲು ಬರುವುದು ತಟ್ಟೆಗಳ ಸಂಖ್ಯೆ. ತಟ್ಟೆಯನ್ನು ಎಣಿಸುವುದು ಸುಲಭ, ದಾನಿಗಳಿಗೆ ತೃಪ್ತಿ, ಸಿನೊಡಿನ ವರದಿಗೂ ಅನುಕೂಲ. ಆದರೆ ಯಾವುದನ್ನು ಎಣಿಸುತ್ತೇವೋ ಅದು ಬೆಳೆಯುತ್ತದೆ. ಇಂದಿರಾ ಕ್ಯಾಂಟೀನಿನ ಗುತ್ತಿಗೆದಾರರಿಗೆ ತಟ್ಟೆಯ ಲೆಕ್ಕದಲ್ಲಿ ಹಣ ಸಂದಾಯವಾಗುತ್ತಿದ್ದುದರಿಂದ, ಬಡಿಸಿದ್ದಕ್ಕಿಂತ ಹೆಚ್ಚು ತಟ್ಟೆಗಳನ್ನು ತೋರಿಸಲಾಗುತ್ತಿದೆಯೆಂಬ ಆರೋಪಗಳು ಬೆಂಗಳೂರಿನಲ್ಲಿ ಕೇಳಿಬಂದವು. ಸಭೆಗಳಲ್ಲಿ ಹಣದ ಆಸೆಯಿಲ್ಲದಿದ್ದರೂ ಫೋಟೋದ ಆಸೆ ಇದೆ, ಅದರ ಪರಿಣಾಮವೂ ಹೆಚ್ಚು ಬೇರೆಯಲ್ಲ: ಜನ ಸುಲಭವಾಗಿ ಸೇರುವ ಜಾಗದಲ್ಲಿ, ಸುಲಭವಾದ ಹೊತ್ತಿನಲ್ಲಿ, ಈಗಾಗಲೇ ಉಂಡವರಿಗೇ ಇನ್ನೊಮ್ಮೆ ಬಡಿಸುವುದು.

ಖರ್ಚನ್ನು ಮಾತ್ರ ಅಳೆಯುವುದು ಇದಕ್ಕಿಂತ ಅಪಾಯಕಾರಿ. ಈ ನಾಡಿನ ನೆನಪಿನಲ್ಲಿ ಧಾತು ವರ್ಷದ ಬರವೆಂದು ಉಳಿದಿರುವ 1876-78ರ ಮಹಾಕ್ಷಾಮವೇ ಇದಕ್ಕೆ ಸಾಕ್ಷಿ. ಪರಿಹಾರ ಕಾಮಗಾರಿಗಳ ಖರ್ಚನ್ನು ತಗ್ಗಿಸಲು ಬ್ರಿಟಿಷ್ ಸರ್ಕಾರ ಕಳುಹಿಸಿದ ಸರ್ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ದುಡಿಯುವ ಗಂಡಸಿನ ದಿನಗೂಲಿಯನ್ನು 1 ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಅಲ್ಪ ಪುಡಿಗಾಸಿಗೆ ಇಳಿಸಿದನು. ಇಷ್ಟರಲ್ಲಿ ಮನುಷ್ಯ ಬದುಕಿ ದುಡಿಯಬಹುದೆಂಬುದು ಅವನ ಲೆಕ್ಕ. ಮದ್ರಾಸಿನ ನೈರ್ಮಲ್ಯ ಆಯುಕ್ತ ಡಾ. ವಿಲಿಯಂ ಕಾರ್ನಿಷ್ ಇದನ್ನು ಲಿಖಿತವಾಗಿ ವಿರೋಧಿಸಿದನು. ಒಬ್ಬನು ಉಳಿತಾಯವಾದ ಹಣವನ್ನು ನೋಡುತ್ತಿದ್ದನು, ಇನ್ನೊಬ್ಬನು ಕೂಲಿಗಳ ಮೈಯನ್ನು ನೋಡುತ್ತಿದ್ದನು. ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಂತೆ 50 ಲಕ್ಷಕ್ಕೂ ಹೆಚ್ಚು ಜನರಿದ್ದರು. 1881ರಲ್ಲಿ ಸುಮಾರು 41.8 ಲಕ್ಷ. ಮಂಡ್ಯದ ಮೂಲಕ ಹಾದುಹೋಗುವ ಬೆಂಗಳೂರು-ಮೈಸೂರು ರೈಲುಮಾರ್ಗದ ಮಣ್ಣಿನ ಕೆಲಸ ಆ ಬರದ ಪರಿಹಾರ ಕಾಮಗಾರಿಯಾಗಿ ನಡೆದದ್ದೆಂಬುದನ್ನು ಇಂದು ಆ ರೈಲಿನಲ್ಲಿ ಕುಳಿತು ಹೋಗುವವರಲ್ಲಿ ಎಷ್ಟು ಮಂದಿ ಬಲ್ಲರೋ.

ಅನ್ನ ಒಳ್ಳೆಯದಾಗಿದ್ದೂ ಜಾಗ ತಪ್ಪಬಹುದು. ಮಾತೃಪೂರ್ಣದ ಊಟ ಪೌಷ್ಟಿಕವಾದದ್ದು. ಆದರೆ ಅದನ್ನು ಅಂಗನವಾಡಿಗೆ ಬಂದೇ ಉಣ್ಣಬೇಕೆಂಬ ಕಟ್ಟುಪಾಡು ಇತ್ತು. ಹಸಿ ಬಾಣಂತಿ ಮನೆಯ ಹೊಸ್ತಿಲು ದಾಟದಿರುವುದು, ಹೆರಿಗೆಗೆ ತವರಿಗೆ ಹೋಗುವುದು, ತೋಟದ ಮನೆಯಿಂದ ಅಂಗನವಾಡಿಗೆ ಇರುವ ದೂರ, ಕೂಲಿ ಬಿಟ್ಟು ಮಧ್ಯಾಹ್ನ ಬರಲಾಗದಿರುವುದು, ಇವೆಲ್ಲ ಊಟಕ್ಕೂ ತಾಯಿಗೂ ನಡುವೆ ನಿಂತವು. ಊಟ ಮಾಡಿದ ತಾಯಂದಿರನ್ನು ಮಾತ್ರ ಕೇಳಿದರೆ ಯೋಜನೆ ಚೆನ್ನಾಗಿದೆಯೆಂದೇ ಹೇಳುತ್ತಾರೆ. ಬಾರದವರನ್ನು ಮನೆಗೆ ಹೋಗಿ ಕೇಳಿದಾಗಷ್ಟೇ ಹೊಸ್ತಿಲಿನ ಮಾತು ಹೊರಬರುತ್ತದೆ.

ಉಣ್ಣುವವರ ಮಾತಿಗೆ ಬೆಲೆ ಕೊಡುವುದೆಂದರೇನೆಂಬುದಕ್ಕೆ 2021ರ ಡಿಸೆಂಬರಿನಲ್ಲಿ ಮತ್ತೊಂದು ನಿದರ್ಶನ ದೊರೆಯಿತು. ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲಾರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ದೊಡ್ಡವರು ವಾದಿಸುತ್ತಿರುವಾಗ ಗಂಗಾವತಿಯಲ್ಲಿ ಶಾಲಾ ಬಾಲಕಿಯರು ತಮಗೆ ಮೊಟ್ಟೆ ಬೇಕೆಂದು ಬಹಿರಂಗವಾಗಿಯೇ ಹೇಳಿದರು. ಮುಂದೆ ಮೊಟ್ಟೆ ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಬೇಡವೆನ್ನುವ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಬಡಿಸುವವನ ಶುದ್ಧಿಯ ಕಲ್ಪನೆ ಉಣ್ಣುವವನ ಹೊಟ್ಟೆಯನ್ನು ಆಳಬೇಕೇ ಎಂಬ ಪ್ರಶ್ನೆ ಇಲ್ಲಿದೆ. ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯವನ್ನು ಬೋಧಿಸುವವರು ಈ ಪ್ರಸಂಗವನ್ನು ಗಮನಿಸಬೇಕು.

ಬಿಟ್ಟುಹೋದವರನ್ನು ಹುಡುಕುವುದು

ಹಾಗಾದರೆ ಮೌಲ್ಯಮಾಪನವನ್ನು ಎಲ್ಲಿಂದ ಆರಂಭಿಸಬೇಕು? ಪಂಕ್ತಿಯ ಕೊನೆಯಿಂದಲ್ಲ, ಪಂಕ್ತಿಗೆ ಬಾರದವರ ಮನೆಯಿಂದ. ಮಂಡ್ಯದ ಮಟ್ಟಿಗೆ ಅಂಥವರು ಯಾರಿರಬಹುದೆಂದು ಯೋಚಿಸುವುದು ಕಷ್ಟವಲ್ಲ.

ಕಬ್ಬಿನ ಕಟಾವಿಗೆ ಹೊರಜಿಲ್ಲೆಗಳಿಂದ ಬರುವ ಕುಟುಂಬಗಳು ಗದ್ದೆಯ ಬದಿಯಲ್ಲೋ ರಸ್ತೆಯ ಪಕ್ಕದಲ್ಲೋ ಗುಡಾರ ಹಾಕಿಕೊಂಡಿರುತ್ತವೆ. ಆಲೆಮನೆಗಳಲ್ಲಿ ಉತ್ತರ ಭಾರತದಿಂದ ಬಂದ ಕೆಲಸಗಾರರಿದ್ದಾರೆ. ಯಾವ ಊರಿನಲ್ಲಾದರೂ ಪಡಿತರ ಪಡೆಯಬಹುದೆಂಬ ಸೌಲಭ್ಯ ಕಾಗದದಲ್ಲಿದೆ. ಆದರೆ ಮನೆಮಂದಿಯಲ್ಲಿ ಅರ್ಧ ಊರಿನಲ್ಲೂ ಅರ್ಧ ಕಬ್ಬಿನ ಗದ್ದೆಯಲ್ಲೂ ಇದ್ದಾಗ, ಕಾರ್ಡು ಅಜ್ಜಿಯ ಬಳಿ ಊರಿನಲ್ಲಿ ಉಳಿದಾಗ, ಗುರುತು ಪರಿಚಯವಿಲ್ಲದ ನ್ಯಾಯಬೆಲೆ ಅಂಗಡಿಯ ಮುಂದೆ ಕೂಲಿ ಕಳೆದುಕೊಂಡು ನಿಲ್ಲಬೇಕಾದಾಗ, ಆ ಸೌಲಭ್ಯ ಎಷ್ಟರಮಟ್ಟಿಗೆ ಕೈಗೆ ಬರುತ್ತದೆಂಬುದನ್ನು ಗುಡಾರಕ್ಕೆ ಹೋಗಿ ಕೇಳಿಯೇ ತಿಳಿಯಬೇಕು. ಅವರ ಜೊತೆ ಬಂದ ಮಕ್ಕಳು ಊರ ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಬಿಸಿಯೂಟವೂ ಇಲ್ಲ.

ಇನ್ನೊಂದು ವರ್ಗ ವೃದ್ಧರದು. ಕೆರಗೋಡಿನಂಥ ಹೋಬಳಿಗಳಲ್ಲಿ ಮಕ್ಕಳು ಬೆಂಗಳೂರು, ಮೈಸೂರು ಸೇರಿ ಒಂಟಿಯಾಗಿ ಉಳಿದ ಹಿರಿಯರಿರುವ ಮನೆಗಳು ಈಗ ಅಪರೂಪವಲ್ಲ. ಜೀವನವಿಡೀ ಮಣ್ಣಿನಲ್ಲಿ ದುಡಿದು ಸವೆದ ಬೆರಳಿನ ಗುರುತನ್ನು ಪಡಿತರ ಅಂಗಡಿಯ ಯಂತ್ರ ಗುರುತಿಸದಿರಬಹುದು. ಗುರುತಿಸಿದರೂ ಅಕ್ಕಿಯನ್ನು ಹೊತ್ತು ತರುವವರಾರು? ತಂದರೂ ರಾಗಿ ಬೀಸಿಸಿ, ಒಲೆ ಹೊತ್ತಿಸಿ, ಮುದ್ದೆ ತಿರುವುವ ತ್ರಾಣ ಎಂಬತ್ತರ ಕೈಗೆ ಇರುತ್ತದೆಯೇ? ಇವರ ಹೆಸರು ಸರ್ಕಾರದ ಲೆಕ್ಕದಲ್ಲಿ 'ಪಡೆದವರು' ಎಂದೇ ಇರುತ್ತದೆ. ಧಾನ್ಯ ಸಿಕ್ಕಿದೆ, ಊಟ ಸಿಕ್ಕಿಲ್ಲ.

ಮೂರನೆಯವರು ಜಿಲ್ಲಾ ಆಸ್ಪತ್ರೆಯ ಆವರಣದಲ್ಲಿದ್ದಾರೆ. ಒಳರೋಗಿಗೆ ಆಸ್ಪತ್ರೆಯ ಊಟವಿರುತ್ತದೆ, ಜೊತೆಗೆ ಬಂದವರಿಗೆ ಇರುವುದಿಲ್ಲ. ಹಳ್ಳಿಯಿಂದ ಗಂಡನನ್ನೋ ಮಗುವನ್ನೋ ಕರೆತಂದು, ಕೈಯಲ್ಲಿದ್ದ ಹಣವನ್ನು ಔಷಧಿಗೆ ತೆಗೆದಿಟ್ಟು, ರೋಗಿಯ ತಟ್ಟೆಯಲ್ಲಿ ಉಳಿದುದನ್ನು ಉಣ್ಣುವ ಹೆಂಗಸರನ್ನು ಆಸ್ಪತ್ರೆ ಭೇಟಿಗೆ ಹೋಗುವ ಸಭಾಪಾಲಕರೆಲ್ಲರೂ ಕಂಡಿರುತ್ತಾರೆ. ಇವರು ಬಡವರ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಆ ಹತ್ತು ದಿನದ ಮಟ್ಟಿಗೆ ಮಾತ್ರ ಹಸಿದವರು. ಮಿಷ್ನಾದ ದಿನದ ಪಾತ್ರೆ ಇಂಥವರಿಗಾಗಿಯೇ ಇತ್ತು.

ಹೊತ್ತನ್ನೂ ಅಳೆಯಬೇಕು. ಬಿಸಿಯೂಟವನ್ನೇ ದಿನದ ಮುಖ್ಯ ಊಟವಾಗಿ ಉಣ್ಣುವ ಮಗುವಿಗೆ ಬೇಸಿಗೆ ರಜೆಯೆಂದರೆ ಉಪವಾಸದ ಕಾಲವಾಗಬಹುದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ ಬಳಿಕ, 2024ರ ಬೇಸಿಗೆ ರಜೆಯಲ್ಲೂ ಅಲ್ಲಿನ ಶಾಲೆಗಳಲ್ಲಿ ಬಿಸಿಯೂಟ ನಡೆಯಿತು. ಬರವಿಲ್ಲದ ವರ್ಷದ ಏಪ್ರಿಲ್ ತಿಂಗಳನ್ನು ಯಾರು ನೋಡಿಕೊಳ್ಳುತ್ತಾರೆ? ನಮ್ಮ ರಜಾದಿನದ ವೇದಶಾಲೆಗಳು ನಡೆಯುವುದು ಅದೇ ತಿಂಗಳಲ್ಲಿ.

ಒಂದಾಗಿ ನಿಲ್ಲುವುದು ಹೇಗೆ

ಹೊಂದಾಣಿಕೆಯ ಅಗತ್ಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು 2020ರ ಲಾಕ್‌ಡೌನ್. ಬೆಂಗಳೂರಿನಲ್ಲಿ ಪಾಲಿಕೆ, ಕಾರ್ಮಿಕ ಇಲಾಖೆ, ಸ್ವಯಂಸೇವಾ ಸಂಸ್ಥೆಗಳು, ಮಠ, ಮಸೀದಿ, ಚರ್ಚುಗಳು ಎಲ್ಲರೂ ಬಡಿಸಿದರು. ಉದಾರತೆಗೆ ಬರವಿರಲಿಲ್ಲ. ಆದರೆ ವಾಹನ ಸುಲಭವಾಗಿ ತಲಪುವ ಮುಖ್ಯರಸ್ತೆಗೆ ಹಲವರ ಪೊಟ್ಟಣಗಳು ಬಂದು, ಒಳಗಿನ ಕಟ್ಟಡ ಕಾಮಗಾರಿಯ ಶೆಡ್ಡುಗಳಿಗೆ ಒಂದೂ ತಲಪದಿರುವುದು ಇಂಥ ಸಂದರ್ಭದ ಸಹಜ ಪರಿಣಾಮ. ಬಿಹಾರದ ಕೂಲಿಗಾರನಿಗೆ ಬೇಕಾದ ಆಟಾದ ಬದಲು ಚಿತ್ರಾನ್ನ, ಒಲೆಯಿದ್ದವನಿಗೆ ಬೇಯಿಸಿದ ಅನ್ನ, ಒಲೆಯಿಲ್ಲದವನಿಗೆ ದಿನಸಿ. ಕಾರ್ಡಿಲ್ಲದ ವಲಸಿಗರಿಗೂ ತಲಾ 5 ಕಿಲೋ ಧಾನ್ಯವನ್ನು ಎರಡು ತಿಂಗಳು ಕೊಡುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸುವ ವೇಳೆಗೆ ಮೇ ತಿಂಗಳು ಅರ್ಧ ಕಳೆದಿತ್ತು. ಅದೇ ಬೆಂಗಳೂರಿನಲ್ಲಿ ಹಲವು ಮುಸ್ಲಿಂ ಸಂಸ್ಥೆಗಳು 'ಮರ್ಸಿ ಮಿಷನ್' ಎಂಬ ಒಂದೇ ಹೆಸರಿನಡಿ ಒಟ್ಟುಗೂಡಿ ಕೆಲಸ ಮಾಡಿದವು. ನಮ್ಮ ಸಭಾಪ್ರಾಂತ್ಯಗಳು ಇದರಿಂದ ಕಲಿಯಬಹುದು.

ಹೊರದೇಶದ ಉದಾಹರಣೆಯಾಗಿ ಬ್ರೆಜಿಲಿನ ಬೆಲೊ ಹೊರಿಜೊಂಟೆ ನಗರವನ್ನು ಹೇಳುವುದುಂಟು. 1993ರಲ್ಲಿ ಆ ನಗರಸಭೆ ಆಹಾರಕ್ಕೆಂದೇ ಒಂದು ಇಲಾಖೆ ತೆರೆದು, ಅಗ್ಗದ ಜನಭೋಜನಾಲಯ, ಶಾಲಾ ಊಟ, ರೈತರ ನೇರ ಮಾರಾಟದ ಜಾಗ ಎಲ್ಲವನ್ನೂ ಒಂದೇ ಕಣ್ಣಿನ ಕೆಳಗೆ ತಂದಿತು. ಅಲ್ಲಿನ ಭೋಜನಾಲಯಗಳಲ್ಲಿ ಯಾರು ಬೇಕಾದರೂ ಉಣ್ಣಬಹುದಾದ್ದರಿಂದ ಪಂಕ್ತಿಯಲ್ಲಿ ಕೂತವನ ಮೇಲೆ ಬಡವನೆಂಬ ಮುದ್ರೆ ಬೀಳುವುದಿಲ್ಲ. ನಮ್ಮ ಇಂದಿರಾ ಕ್ಯಾಂಟೀನಿನಲ್ಲೂ ಈ ಗುಣವಿದೆ. ಆಟೋ ಚಾಲಕ, ವಿದ್ಯಾರ್ಥಿ, ಪೌರಕಾರ್ಮಿಕ ಒಂದೇ ಮೇಜಿನ ಮುಂದೆ ನಿಲ್ಲುತ್ತಾರೆ. ಯಾರ್ಯಾರು ಬಂದರೆಂಬ ಜಾತಿವಾರು ಲೆಕ್ಕ ಅಲ್ಲಿಲ್ಲ. ಕೊರಿಂಥದ ಸಭೆಯಲ್ಲಿ ಒಬ್ಬನು ಹಸಿದಿರುವಾಗ ಮತ್ತೊಬ್ಬನು ಮತ್ತನಾಗಿರುವುದನ್ನು ಕಂಡು ಪೌಲನು ಕೋಪಗೊಂಡದ್ದು ಪಂಕ್ತಿಭೇದಕ್ಕಾಗಿಯೇ. ಕರ್ತನ ಭೋಜನದ ಬಗೆಗಿನ ಬೋಧನೆಯನ್ನು ಅವನು ಆ ಹಿನ್ನೆಲೆಯಲ್ಲೇ ಬರೆದನು.

ಹಲವು ಸಭೆಗಳ ಕೆಲಸವನ್ನು ಹೊಂದಿಸುವುದಕ್ಕೆ ಹೊಸ ಒಡಂಬಡಿಕೆಯ ದೊಡ್ಡ ಮಾದರಿ ಯೆರೂಸಲೇಮಿನ ಬಡವರಿಗಾಗಿ ಪೌಲನು ಸಂಗ್ರಹಿಸಿದ ಕಾಣಿಕೆ. ಗಲಾತ್ಯ, ಮಕೆದೋನ್ಯ, ಅಖಾಯ ಪ್ರಾಂತ್ಯಗಳ ಸಭೆಗಳು ಒಂದೇ ಉದ್ದೇಶಕ್ಕೆ ಹಣ ಕೂಡಿಸಿದವು. ಆ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದ ಸಹೋದರರು ಜೊತೆಗಿದ್ದರು, ಯಾರೂ ತಪ್ಪು ಹೊರಿಸಬಾರದೆಂಬ ಎಚ್ಚರವನ್ನು ಅವನು ಬಿಚ್ಚಿಯೇ ಬರೆದಿದ್ದಾನೆ (2 ಕೊರಿಂಥ 8:18-21). ಅದೇ ಅಧ್ಯಾಯದಲ್ಲಿ ಅವನ ಗುರಿ ಸಮಾನತ್ವ. ಅದಕ್ಕೆ ಆಧಾರವಾಗಿ ಅವನು ನೆನೆಯುವುದು ಮನ್ನದ ಕಥೆಯನ್ನು, ಹೆಚ್ಚು ಕೂಡಿಸಿದವನಿಗೆ ಮಿಗದ, ಕಡಿಮೆ ಕೂಡಿಸಿದವನಿಗೆ ಕೊರೆಯಾಗದ ಆ ಅಳತೆಯನ್ನು.

ನಗರಮಟ್ಟದಲ್ಲಿ ಇದಕ್ಕೆ ದೊಡ್ಡ ಕಚೇರಿಯೇನೂ ಬೇಕಿಲ್ಲ. ಯಾವ ದಿನ, ಯಾವ ಹೊತ್ತು, ಯಾವ ಜಾಗದಲ್ಲಿ, ಯಾರು, ಏನನ್ನು ಕೊಡುತ್ತಾರೆಂಬ ಒಂದು ಹಾಳೆಯ ಪಟ್ಟಿ ಇದ್ದರೆ ಮೊದಲ ವರ್ಷಕ್ಕೆ ಸಾಕು. ಆ ಹಾಳೆಯ ಖಾಲಿ ಮನೆಗಳೇ ನಮಗೆ ಕೆಲಸ ತೋರಿಸುತ್ತವೆ. ಮೂರು ಸಂಸ್ಥೆಗಳು ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ಬಳಿ ಬಡಿಸುತ್ತಿದ್ದು, ಬುಧವಾರ ರಾತ್ರಿ ಯಾರೂ ಇಲ್ಲವಾದರೆ, ಸಭೆಯು ಬುಧವಾರ ರಾತ್ರಿಯನ್ನು ಆರಿಸಿಕೊಳ್ಳಬೇಕು. ಜನ ಸಿಗುವುದು ಭಾನುವಾರವೇ ಆದರೂ ಸರಿ.

ಪಟ್ಟಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಕೊಡುವವರ ಪಟ್ಟಿ ಎಲ್ಲರೂ ನೋಡುವಂತಿರಬೇಕು. ಪಡೆಯುವವರ ಪಟ್ಟಿ ಹಾಗಿರಬಾರದು. ಹೆಸರು, ಆಧಾರ್ ಸಂಖ್ಯೆ, ಜಾತಿ, ಫೋಟೋ ಇರುವ ಫಲಾನುಭವಿಗಳ ಪಟ್ಟಿಯನ್ನು ಹತ್ತು ಸಂಸ್ಥೆಗಳು ವಾಟ್ಸಾಪಿನಲ್ಲಿ ಹಂಚಿಕೊಳ್ಳುವುದು ಹೊಂದಾಣಿಕೆಯಲ್ಲ, ಬಡವರ ಮೇಲಿನ ಕಾವಲು. ಇಬ್ಬರ ಬಳಿ ಉಂಡವನನ್ನು ಪತ್ತೆಹಚ್ಚುವ ಉತ್ಸಾಹ ನಮ್ಮಲ್ಲಿ ಬೇಗ ಬೆಳೆಯುತ್ತದೆ, ಒಬ್ಬರ ಬಳಿಯೂ ಉಣ್ಣದವನನ್ನು ಹುಡುಕುವ ಉತ್ಸಾಹ ಅಷ್ಟಿಲ್ಲ. ಎಲ್ಲವನ್ನೂ ಒಂದೇ ದೊಡ್ಡ ಅಡುಗೆಮನೆಗೆ ಒಪ್ಪಿಸಿಬಿಡುವ ಸಲಹೆಯೂ ಆಗಾಗ ಬರುತ್ತದೆ. ಖರ್ಚು ತಗ್ಗುವುದು ನಿಜ. ಆದರೆ ಗುಡಾರದ ಹೆಂಗಸು ತನ್ನ ಜೋಳದ ರೊಟ್ಟಿಯ ಬಗ್ಗೆ ಮಾತಾಡಲು ಯಾರ ಬಳಿಗೆ ಹೋಗಬೇಕು?

ಆಮಿಷದ ಪ್ರಶ್ನೆ

ಕರ್ನಾಟಕದಲ್ಲಿ ಸಭೆಯ ಅನ್ನಸೇವೆಯ ಬಗ್ಗೆ ಬರೆಯುವಾಗ ಈ ಪ್ರಶ್ನೆಯನ್ನು ತಪ್ಪಿಸಲಾಗದು. 2022ರ ಮತಾಂತರ ಸಂಬಂಧಿ ಕಾಯಿದೆಯಲ್ಲಿ 'ಆಮಿಷ'ದ ವ್ಯಾಖ್ಯೆ ಉಡುಗೊರೆಯನ್ನೂ ಒಳಗೊಳ್ಳುವಷ್ಟು ವಿಶಾಲವಾಗಿತ್ತು; 2023ರ ಜೂನಿನಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ನಿರ್ಧರಿಸಿತು. ಕಾಯಿದೆ ಏನೇ ಆಗಲಿ, ಕ್ರೈಸ್ತರು ಅತ್ಯಲ್ಪಸಂಖ್ಯೆಯಲ್ಲಿರುವ ಮಂಡ್ಯದಂಥ ಜಿಲ್ಲೆಯಲ್ಲಿ ಸಂದೇಹ ಉಳಿದೇ ಇರುತ್ತದೆ. ಕ್ಷಾಮಕಾಲದಲ್ಲಿ ಅನ್ನಕ್ಕಾಗಿ ಕ್ರೈಸ್ತರಾದರೆಂಬ ಹಳೆಯ ಮೂದಲಿಕೆಯ ನೆನಪೂ ಇದೆ. ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ರೊಟ್ಟಿ ತಿಂದ ಕಾರಣಕ್ಕೆ ತನ್ನನ್ನು ಹುಡುಕಿಕೊಂಡು ಬಂದವರಿಗೆ ಯೇಸು ಅದನ್ನು ಮುಖಕ್ಕೇ ಹೇಳಿದನು. ಆದರೆ ಹಿಂದಿನ ದಿನ ಬಡಿಸುವಾಗ ಯಾರ ಉದ್ದೇಶವನ್ನೂ ಕೇಳಿರಲಿಲ್ಲ.

ಹೊಂದಾಣಿಕೆಯು ಈ ಸಂದೇಹಕ್ಕೆ ಒಂದು ಪ್ರಾಮಾಣಿಕ ಉತ್ತರವಾಗಬಲ್ಲದು. ನಗರದ ಇತರ ಸಂಸ್ಥೆಗಳ ಜೊತೆ ಒಂದೇ ಪಟ್ಟಿಯಲ್ಲಿ, ತನ್ನ ಬ್ಯಾನರಿಲ್ಲದೆ, ಬೇರೆಯವರ ಅಡುಗೆಯನ್ನೂ ಬಡಿಸುವ ಸಭೆಯ ಮೇಲೆ ಆಮಿಷದ ಆರೋಪ ನಿಲ್ಲುವುದು ಕಷ್ಟ. ಇದು ಜಾಣ್ಮೆಯ ಉಪಾಯವೆಂದು ಮಾಡಿದರೆ ಮಾತ್ರ ಕೆಡುತ್ತದೆ. ಬಡಿಸುವ ಹೊತ್ತಿನಲ್ಲಿ ಕರಪತ್ರವಿರಬಾರದು, ಪ್ರಾರ್ಥನೆಯ ಷರತ್ತಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಒಪ್ಪದ ಸಹೋದರರಿದ್ದಾರೆಂಬುದನ್ನು ಬಲ್ಲೆ.

ಹಕ್ಕಿನ ಕಡೆಗೆ

ಕೊನೆಯದಾಗಿ ಒಂದು ಅಳತೆಗೋಲು ಉಳಿದಿದೆ, ಅದನ್ನು ವರದಿಗಳಲ್ಲಿ ಕಾಣುವುದು ಅಪರೂಪ: ನಮ್ಮ ಪಂಕ್ತಿಯಿಂದ ಎಷ್ಟು ಮಂದಿ ತಮ್ಮ ಹಕ್ಕಿನ ಅನ್ನದ ಕಡೆಗೆ ದಾಟಿದರು? ಆಹಾರ ಭದ್ರತಾ ಕಾಯಿದೆಯ 28ನೆಯ ಕಲಂ ನ್ಯಾಯಬೆಲೆ ಅಂಗಡಿಗಳ ಸಾಮಾಜಿಕ ಲೆಕ್ಕಪರಿಶೋಧನೆಗೆ, 29ನೆಯದು ಅಂಗಡಿಯ ಮಟ್ಟದವರೆಗಿನ ಜಾಗೃತ ಸಮಿತಿಗಳಿಗೆ ಅವಕಾಶ ಕೊಡುತ್ತವೆ. 15ನೆಯ ಕಲಮಿನಂತೆ ಪ್ರತಿ ಜಿಲ್ಲೆಯಲ್ಲೂ ದೂರು ಕೇಳುವ ಅಧಿಕಾರಿಯಿರಬೇಕು, 16ನೆಯದರಂತೆ ರಾಜ್ಯ ಆಹಾರ ಆಯೋಗವಿದೆ. ಯೆರೂಸಲೇಮಿನ ವಿಧವೆಯರ ಗುಣುಗುಟ್ಟುವಿಕೆಗೆ ದೊರೆತಂಥ ಕಿವಿಯನ್ನು ಕಾನೂನು ಇಲ್ಲಿ ಒದಗಿಸಿದೆ. ಆದರೆ ಸವೆದ ಬೆರಳಿನ ಅಜ್ಜಿ ಅರ್ಜಿ ಬರೆಯಲಾರಳು. ಅವಳಿಗೆ ವಾರಕ್ಕೊಮ್ಮೆ ದಿನಸಿ ಕೊಡುವ ಸಭೆ, ಅವಳ ಪರವಾಗಿ ಒಂದು ಅರ್ಜಿ ಬರೆದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಜೊತೆಗೆ ಹೋಗಿಬಂದರೆ, ಮುಂದಿನ ತಿಂಗಳಿನಿಂದ ಆ ದಿನಸಿ ಬೇರೆಯವರಿಗೆ ಸಲ್ಲಬಹುದು. ಹಾಗೆ ದಾಟಿಸಿದವರ ಸಂಖ್ಯೆ ಹೆಚ್ಚಿದಂತೆ ಬಡಿಸಿದ ತಟ್ಟೆಗಳ ಸಂಖ್ಯೆ ಇಳಿಯುತ್ತದೆ. ವಾರ್ಷಿಕ ಸಭೆಯಲ್ಲಿ ಆ ಇಳಿಕೆಯನ್ನು ವಿವರಿಸುವ ಧೈರ್ಯ ಕಾರ್ಯದರ್ಶಿಗೆ ಬೇಕಾಗುತ್ತದೆ.

ದೈವಶಾಸ್ತ್ರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯದಲ್ಲಿ ಇದನ್ನು ಅಳವಡಿಸುವುದು ಕಠಿಣವಲ್ಲ. ಒಂದು ಹೋಬಳಿ, ಒಂದು ನಗರ, ಒಂದು ಕಬ್ಬಿನ ಹಂಗಾಮು ಇಷ್ಟನ್ನು ಆಯ್ದುಕೊಂಡರೆ ಸಾಕು. ಕೆರಗೋಡಿನಿಂದ ಬೆಳಗಿನ ಬಸ್ಸಿನಲ್ಲಿ ಮಂಡ್ಯಕ್ಕೆ ಬಂದು ಸಂಜೆ ಹಿಂತಿರುಗುವವರು ಮಧ್ಯಾಹ್ನ ಎಲ್ಲಿ, ಏನು ಉಂಡರೆಂದು ಕೇಳುತ್ತ ಮೊದಲ ವಾರ ಕಳೆಯಲಿ. ಎರಡನೆಯ ವಾರ ಗದ್ದೆಯ ಬದಿಯ ಗುಡಾರಗಳಿಗೆ ಹೋಗಲಿ. ಮೂರನೆಯ ವಾರದಲ್ಲಿ, ಗುಡಾರದವರಲ್ಲಿ ಒಬ್ಬಳನ್ನಾದರೂ ಸಮಿತಿಯ ಸಭೆಗೆ ಕರೆತಂದು ಕುಳ್ಳಿರಿಸಲಿ. ಆ ದಿನದ ಅವಳ ಕೂಲಿಯನ್ನು ಸಭೆಯೇ ತುಂಬಿಕೊಡಲಿ.